ಹಂಡೆಯ ಮೊಮ್ಮಗ

ಸ್ನಾನಕ್ಕೆ ಬಿಸಿನೀರು ಸಿಕ್ಕಿದ ದಿನ ಯಾರೂ ಅದರ ವಿಷಯ ಯೋಚಿಸುವುದಿಲ್ಲ. ಸಿಕ್ಕದ ದಿನ ಮನೆಮಂದಿಗೆಲ್ಲ ಬೇರೆ ಯೋಚನೆಯೇ ಇರುವುದಿಲ್ಲ. ನಮ್ಮ ಹಿರಿಯರ ಕಾಲದಲ್ಲಿ ಈ ಕಷ್ಟಕ್ಕೆ ಕಾರಣ ಹುಡುಕುವುದು ಸುಲಭವಾಗಿತ್ತು. ಹಂಡೆಯ ನೀರು ಕಾಯಲಿಲ್ಲವೆಂದರೆ ಸೌದೆ ಹಸಿಯಾಗಿದೆ, ಇಲ್ಲವೇ ಉರಿ ಹಾಕಬೇಕಾದವನು ಇನ್ನೂ ಮಲಗಿದ್ದಾನೆ, ಮೂರನೆಯ ಕಾರಣವಿರಲಿಲ್ಲ. ತೆಂಗಿನ ಮಟ್ಟೆ, ಗರಿ, ಚಿಪ್ಪು ಏನು ಕೊಟ್ಟರೂ ತಿಂದು, ಹೊಗೆ ಬಿಟ್ಟು, ಮೊದಲು ಕಣ್ಣಿಗೆ ನೀರು ತರಿಸಿ ಆಮೇಲೆ ಮೈಗೆ ನೀರು ಕೊಡುತ್ತಿತ್ತು ಆ ಬಚ್ಚಲೊಲೆ.

ಈಗ ಹಂಡೆಯ ಜಾಗದಲ್ಲಿ ಅದರ ಮೊಮ್ಮಗ ಗೀಸರ್ ಗೋಡೆ ಹತ್ತಿ ಕುಳಿತಿದ್ದಾನೆ. ಹೆಸರು ಐಸ್‌ಲೆಂಡಿನಿಂದ ಬಂದದ್ದು, ಅಲ್ಲಿನ ಒಂದು ಬಿಸಿನೀರಿನ ಬುಗ್ಗೆಯದು. 1905ರಲ್ಲಿ ಶಿವನಸಮುದ್ರದಿಂದ ಬೆಂಗಳೂರಿಗೆ ಬಂದ ವಿದ್ಯುತ್ತು, ಬೀದಿಯ ದೀಪದಿಂದ ಹೊರಟು ನಮ್ಮ ಬಚ್ಚಲು ಸೇರಲು ಎಷ್ಟೋ ವರ್ಷ ಹಿಡಿಯಿತು. ನಮ್ಮ ಮನೆಯದು 25 ಲೀಟರಿನದು, 2 ಕಿಲೋವಾಟಿನದು. ಸುಮಾರು ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ಕರೆಂಟು ನುಂಗಿ, ನೀರು ಕಾಯಿಸಿ, ಸದ್ದಿಲ್ಲದೆ ತಾನೇ ಆರಿಕೊಳ್ಳುವುದು ಅದರ ಧರ್ಮ.

ಕಳೆದ ಚಳಿಗಾಲದಲ್ಲಿ ಅದು ಧರ್ಮ ಬಿಟ್ಟಿತು. ಮೊದಲು ಹೊಟ್ಟೆಯೊಳಗೆ ಗೊರಗೊರ ಶಬ್ದ. ನೀರು ವಿಪರೀತ ಬಿಸಿ. ಆಮೇಲೆ ಒಂದು ಬೆಳಿಗ್ಗೆ ಕೆಂಪು ದೀಪವೇ ಹತ್ತಲಿಲ್ಲ. ನಮ್ಮ ತಾಯಿಗೆ ಎಂಬತ್ತೆರಡು ವರ್ಷ. ಬೆಳಗಿನ ಐದಕ್ಕೆ ಸ್ನಾನವಾಗದಿದ್ದರೆ ಅವರ ದಿನ ಹುಟ್ಟುವುದಿಲ್ಲ.

ರಿಪೇರಿಗೆ ಒಬ್ಬ ಹುಡುಗ ಬಂದ. ಮುಚ್ಚಳ ಬಿಚ್ಚಿ ಒಂದು ಪುಟ್ಟ ಗುಂಡಿ ಒತ್ತಿದ, ದೀಪ ಹತ್ತಿತು. "ಕಟೌಟ್ ಹಾರಿತ್ತು, ಸಾರ್." ಮೂರನೆಯ ದಿನ ಅದು ಮತ್ತೆ ಹಾರಿತು. "ಇದೇ ಸಾರ್ ತಾಪತ್ರಯ. ಇದನ್ನ ತೆಗೆದು ಡೈರೆಕ್ಟ್ ಕೊಟ್ಬಿಡ್ತೀನಿ, ಆಮೇಲೆ ಕಾಟವೇ ಇರೋಲ್ಲ" ಎಂದ. ಒಳಗಿನಿಂದ ಅಮ್ಮನ ಶಿಫಾರಸೂ ಬಂತು: "ಮಾಡಿಸಿಬಿಡೋ. ಪಾತ್ರೆಯಲ್ಲಿ ನೀರು ಕಾಯಿಸಿ ಹೊತ್ತು ಸಾಕಾಗಿದೆ."

ಇದು ಚೌಕದಲ್ಲಿ ನಿಂತು ಕೈಮುಗಿಯುವ ಕಟೌಟ್ ಅಲ್ಲ, ಓದುಗರೇ. ಕೆಲಸ ಮಾಡುವ ಕಟೌಟ್. ನೀರು ಕಾದೊಡನೆ ಕರೆಂಟು ನಿಲ್ಲಿಸುವ ಗುಮಾಸ್ತ ಥರ್ಮೋಸ್ಟಾಟ್. ಗುಮಾಸ್ತ ತೂಕಡಿಸಿದರೆ ಓಡಿಬಂದು ಬಾಗಿಲು ಹಾಕುವ ಕಾವಲುಗಾರ ಈ ಕಟೌಟ್. ಇಬ್ಬರೂ ಇಲ್ಲವೆಂದರೆ ನೀರು ಕಾಯುತ್ತಲೇ ಹೋಗುತ್ತದೆ. ನೀರು ಆವಿಯಾದರೆ ಸಾವಿರದೈನೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಆಗ ಉಳಿಯುವುದು ಒತ್ತಡ ಬಿಡುವ ಒಂದು ವಾಲ್ವು. ಅದಕ್ಕೂ ಸುಣ್ಣ ಕಟ್ಟಿದ್ದರೆ ಟ್ಯಾಂಕೇ ಸಿಡಿಯಬಹುದು. ಕೆಳಗೆ ಮಣೆಯ ಮೇಲೆ ಕುಳಿತು ಸ್ನಾನ ಮಾಡುವವರು ಅಮ್ಮ. ಹುಡುಗನಿಗೆ ಕೂಲಿ ಕೊಟ್ಟು, "ಬೇಡಪ್ಪಾ" ಎಂದು ಕಳಿಸಿದೆ. ಆ ಸಂಜೆ ಅಮ್ಮ ನನ್ನೊಡನೆ ಮಾತಾಡಲಿಲ್ಲ.

ಮರುದಿನ ಬಂದವರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಎಲೆಕ್ಟ್ರಿಷಿಯನ್. ಮೊದಲು ಮೇನ್ ಸ್ವಿಚ್ ಆರಿಸಿದರು. ಪ್ಲಗ್ಗಿನ ಕಡ್ಡಿಗಳು ಸುಟ್ಟಿವೆಯೇ ಎಂದು ನೋಡಿದರು. ಒಂಬತ್ತು ಆಂಪಿಯರಿನ ಹತ್ತಿರ ಎಳೆಯುವ ಯಂತ್ರಕ್ಕೆ ಸಡಿಲ ಪ್ಲಗ್ಗು ಶತ್ರು. ನೀರು ಕಾಯಿಸುವ ಕಾಯಿಲಿಗೆ ಮೀಟರು ಹಿಡಿದರು; 26 ಓಮ್, ಸರಿಯಾಗಿತ್ತು. ಥರ್ಮೋಸ್ಟಾಟನ್ನು ಹೊರಗೆಳೆದು, ಅಡುಗೆಮನೆಯಿಂದ ಕುದಿಯುವ ನೀರು ತರಿಸಿ, ಅದರ ಕಡ್ಡಿಯನ್ನು ಅದ್ದಿದರು. 'ಟಕ್' ಎನ್ನಬೇಕಾದದ್ದು ಎನ್ನಲೇ ಇಲ್ಲ. ಒಳಗಿನ ಎರಡು ಲೋಹದ ತುದಿಗಳು ಕಿಡಿ ಹಾರಿ ಹಾರಿ ಬೆಸೆದುಕೊಂಡಿದ್ದವು.

"ಕಟೌಟ್ ಕೆಟ್ಟಿಲ್ಲ ಸ್ವಾಮಿ. ಇದರಲ್ಲಿ ನೆಟ್ಟಗಿದ್ದದ್ದು ಅದೊಂದೇ" ಎಂದರು.

ಟ್ಯಾಂಕಿನ ತಳ ಬಿಚ್ಚಿದಾಗ ಗೊರಗೊರದ ಗುಟ್ಟೂ ಹೊರಬಿತ್ತು. ಕಾಯಿಲಿನ ಮೇಲೆ ಬೆರಳುದಪ್ಪ ಬಿಳಿಯ ಹೊಪ್ಪಳೆ. ನಮ್ಮದು ಕೊಳವೆಬಾವಿಯ ಗಡುಸು ನೀರು. ಕಾದಾಗ ಅದರಲ್ಲಿನ ಸುಣ್ಣದ ಅಂಶ ಹೀಗೆ ಕಟ್ಟಿಕೊಳ್ಳುತ್ತದೆ. ಹೊಪ್ಪಳೆಯ ಸಂದಿಗಳಲ್ಲಿ ಸಿಕ್ಕಿದ ನೀರು ಅಲ್ಲೇ ಕುದಿದು ಸದ್ದು ಮಾಡುತ್ತದೆ. ಕಾವು ಹೊರಗೆ ಹೋಗದೆ ಕಾಯಿಲು ತನ್ನಲ್ಲೇ ಬೆಂದು, ಮೈ ಬಿರಿದರೆ ಕರೆಂಟು ನೀರಿಗಿಳಿಯುತ್ತದೆ. ಆಗ ನೆಲಕ್ಕೆ ಸರಿಯಾದ ಅರ್ತಿಂಗೂ, 30 ಮಿಲಿಆಂಪಿಯರ್ ಸೋರಿದರೆ ಸಾಕು, ಕರೆಂಟು ಕಡಿಯುವ ಇ.ಎಲ್.ಸಿ.ಬಿ.ಯೂ ಮನುಷ್ಯನ ಪ್ರಾಣ ಕಾಯಬೇಕು. ಪಕ್ಕದಲ್ಲಿ ಮೆಗ್ನೀಸಿಯಂ ಸರಳೊಂದು ಇರಬೇಕಿತ್ತು. ತಂತಿ ಮಾತ್ರ ಉಳಿದಿತ್ತು. ಟ್ಯಾಂಕು ತುಕ್ಕು ಹಿಡಿಯದಂತೆ ಅದರ ಬದಲು ತಾನು ಸವೆಯುವುದೇ ಅದರ ಕಸುಬು. ಕೂಡುಕುಟುಂಬಗಳಲ್ಲಿ ಇಂಥವರನ್ನು ನಾವೆಲ್ಲ ನೋಡಿದ್ದೇವೆ.

ಹೊಸ ಥರ್ಮೋಸ್ಟಾಟ್, ಕಾಯಿಲು, ಸರಳು ಬಂದವು. ಕೆರೆದು ಹಾಕಿದ ಹೊಪ್ಪಳೆಯ ಗುಡ್ಡೆಯನ್ನು ಅಮ್ಮ ಬಗ್ಗಿ ನೋಡಿದರು. "ಹಂಡೆಗೂ ಹೀಗೇ ಕಟ್ಟುತ್ತಿತ್ತು. ನೀರು ತುಂಬುವ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆವು. ಇದಕ್ಕೆ ಹಬ್ಬ ಗಿಬ್ಬ ಇಲ್ಲವೇನೋ?"

ಎಲೆಕ್ಟ್ರಿಷಿಯನ್ ನಕ್ಕರು, ನಾನು ನಗಲಿಲ್ಲ. ಸುಣ್ಣವನ್ನು ಕರಗಿಸುವುದು ಹುಳಿ. ನರಕಚತುರ್ದಶಿಯ ಹಿಂದಿನ ದಿನ ಹಂಡೆಯನ್ನು ಹುಳಿ ಹಾಕಿ ಉಜ್ಜಿ, ತೊಳೆದು, ಹೊಸ ನೀರು ತುಂಬಿ ಪೂಜಿಸುತ್ತಿದ್ದವರು ವರ್ಷಕ್ಕೊಮ್ಮೆ ತಪ್ಪದೆ ಬಾಯ್ಲರ್ ಸರ್ವೀಸ್ ಮಾಡುತ್ತಿದ್ದರು. ಗೀಸರಿನ ಕಂಪೆನಿಗಳು ಪುಸ್ತಕದಲ್ಲಿ ಅಚ್ಚುಹಾಕಿಸಿ ಹೇಳುವ ಮಾತನ್ನು ಅವರು ಪಂಚಾಂಗದೊಳಗೇ ಸೇರಿಸಿಬಿಟ್ಟಿದ್ದರು.

ಈಗ ನಮ್ಮಲ್ಲಿ ನೀರು ತುಂಬುವ ಹಬ್ಬಕ್ಕೆ ಎಲೆಕ್ಟ್ರಿಷಿಯನ್ನರಿಗೂ ಆಹ್ವಾನ. ಅವರು ಟ್ಯಾಂಕು ಬಿಚ್ಚಿ, ತೊಳೆದು, ಮುಚ್ಚುತ್ತಾರೆ. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ, "ಸ್ವಿಚ್ಚು ಆರಿಸಿದೆಯೇನೋ?" ಎಂದು ಎರಡು ಸಲ ಕೇಳಿಕೊಂಡ ಮೇಲೆ.