ಈಗೇನು ಓದ್ಲಿಕ್ಕ್ ಹತ್ತೀರಿ?

ಓದುವವರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆಗೆ ಹೈದರಾಬಾದಿನಲ್ಲಿ ಮೂರು ರೂಪಗಳಿವೆ. ಕಲಬುರಗಿ, ರಾಯಚೂರು ಕಡೆಯಿಂದ ಬಂದು ನೆಲೆಸಿದವರ ಬಾಯಲ್ಲಿ ಅದು ‘ಈಗೇನು ಓದ್ಲಿಕ್ಕ್ ಹತ್ತೀರಿ?’ ಪಕ್ಕದ ಮನೆಯ ತೆಲುಗರಲ್ಲಿ ‘ಇಪ್ಪುಡೇಂ ಚದುವುತುನ್ನಾರು?’ ಹಳೇ ಊರಿನ ದಖನಿಯಲ್ಲಿ ‘ಕ್ಯಾ ಪಡ್ರೈಂ?’ ಮೂರಕ್ಕೂ ಅದದೇ ಭಾಷೆಯಲ್ಲಿ ಉತ್ತರ ಕೊಡಬಲ್ಲವರು ಇಲ್ಲಿನ ಕನ್ನಡಿಗರಲ್ಲಿ ಬಹುಕಾಲ ಇದ್ದರು, ಈಗಲೂ ಅಲ್ಲಲ್ಲಿ ಸಿಗುತ್ತಾರೆ. ಅವರ ಮಟ್ಟಿಗೆ ಈ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಅಂಟಿಕೊಂಡೇ ಬರುತ್ತಿತ್ತು: ಮುಗಿದ ಮೇಲೆ ನನಗ ಕೊಡ್ತೀರೇನು? ಊರಿನಲ್ಲಿ ಕನ್ನಡ ಪುಸ್ತಕ ಕಡಿಮೆ. ಆದ್ದರಿಂದ ಓದುತ್ತಿರುವ ಪುಸ್ತಕದ ಹೆಸರು ಹೇಳಿದವರು ಅದನ್ನು ಕೊಡಲು ಅರ್ಧ ಒಪ್ಪಿದಂತೆಯೇ ಲೆಕ್ಕ.

ಇದರ ಬೇರು ನಿಜಾಮರ ಕಾಲದಲ್ಲಿದೆ. ಬೀದರ್, ಗುಲ್ಬರ್ಗಾ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಕಚೇರಿಯ ಕಾಗದ, ಕೋರ್ಟಿನ ತೀರ್ಪು, ಶಾಲೆಯ ಪಾಠ ಎಲ್ಲವೂ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿತು. ಕೊಪ್ಪಳ ಸೀಮೆಯ ಸಿದ್ದಯ್ಯ ಪುರಾಣಿಕರು ಅಲ್ಲಿ ಓದಿದವರು. ರಾಯಚೂರಿನ ಶಾಂತರಸರು ಉರ್ದುವಿನ ಗಜಲನ್ನು ಕನ್ನಡಕ್ಕೆ ತಂದು ನೆಲೆಗೊಳಿಸಿದವರು. ಇಂಥವರ ತಲೆಮಾರಿಗೆ ಬಲದಿಂದ ಎಡಕ್ಕೆ ಓದುವುದು ಹೊಟ್ಟೆಪಾಡು, ಎಡದಿಂದ ಬಲಕ್ಕೆ ಓದುವುದು ಮನೆಯ ಪ್ರೀತಿ. ಕನ್ನಡ ಪುಸ್ತಕಗಳು ಧಾರವಾಡ, ಮೈಸೂರು, ಬೆಂಗಳೂರುಗಳಿಂದ ಬರಬೇಕಾಗಿತ್ತು. ಬಂದ ಒಂದು ಪ್ರತಿ ಎಷ್ಟೋ ಮನೆಗಳನ್ನು ಸುತ್ತಿ, ಮೂಲ ಒಡೆಯನಿಗೆ ಮರಳುವಾಗ ರಟ್ಟು ಕಳಚಿಕೊಂಡಿರುತ್ತಿತ್ತು.

ಆ ದಿನಗಳಲ್ಲಿ ನಾಲ್ಕು ಜನ ಕೂಡಿ ಮಾತಾಡುವುದೇ ಸುಲಭವಿರಲಿಲ್ಲ. ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆಗೆ ಸರ್ಕಾರದ ಪೂರ್ವಾನುಮತಿ ಬೇಕು. ಗ್ರಂಥಾಲಯಕ್ಕೆ ಹೋಗಿ ಕೂರುವುದಕ್ಕೆ ಯಾರ ಅನುಮತಿಯೂ ಬೇಡ. ಹಾಗಾಗಿ ಸಂಸ್ಥಾನದುದ್ದಕ್ಕೂ ವಾಚನಾಲಯಗಳು ಓದುವ ಜಾಗಕ್ಕಿಂತ ಹೆಚ್ಚಾಗಿ ಸೇರುವ ಜಾಗಗಳಾದವು. ಒಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳಿ, ನಡುನಡುವೆ ತಮ್ಮ ಮಾತು ಸೇರಿಸುತ್ತಿದ್ದರು. ತೆಲುಗರು 1901ರಲ್ಲಿ ಕಟ್ಟಿದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಈ ಗ್ರಂಥಾಲಯ ಚಳವಳಿಯ ತಾಯಿಬೇರು. ಸುಲ್ತಾನ್ ಬಜಾರಿನಲ್ಲಿ ಅದು ಇಂದಿಗೂ ಇದೆ. ತೆಲುಗಿನ ಮನೆಗೆ ಹಂಪಿಯ ದೊರೆಯ ಹೆಸರು ಇಟ್ಟಿರುವುದನ್ನು ಕನ್ನಡಿಗರು ಸ್ವಲ್ಪ ಹೆಮ್ಮೆಯಿಂದಲೂ ಸ್ವಲ್ಪ ತಕರಾರಿನಿಂದಲೂ ನೆನೆಯುವುದುಂಟು.

ಸರ್ಕಾರಿ ಗ್ರಂಥಾಲಯಗಳದು ಬೇರೆ ಗತ್ತು. 1891ರಲ್ಲಿ ಹುಟ್ಟಿದ ಆಸಫಿಯಾ ಗ್ರಂಥಾಲಯ 1936ರಲ್ಲಿ ಮೂಸಿ ನದಿಯ ದಡದ ಅಫ್ಜಲ್‌ಗಂಜ್ ಕಟ್ಟಡಕ್ಕೆ ಬಂತು. 1955ರಲ್ಲಿ ಹೈದರಾಬಾದ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದ ಮೇಲೆ ಅದೇ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಎತ್ತರದ ಚಾವಣಿಯ ಓದುಮನೆಯಲ್ಲಿ ಮಾತಿಗೆ ಅವಕಾಶವಿಲ್ಲ. ಆದರೂ ಓದುಗರಿಗೆ ಓದುಗರ ಸುಳಿವು ಸಿಗುತ್ತಿತ್ತು. ಪುಸ್ತಕದ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಒಂದರ ಕೆಳಗೊಂದು ತಾರೀಖಿನ ಮುದ್ರೆಗಳು: ಮೂರು ವರ್ಷ ಯಾರೂ ಮುಟ್ಟದ ಪುಸ್ತಕ, ಆಮೇಲೆ ಎರಡೇ ತಿಂಗಳಲ್ಲಿ ನಾಲ್ಕು ಸಲ ಹೊರಗೆ ಹೋದದ್ದು. ಯಾರೋ ಒಬ್ಬರು ಓದಿ ಇನ್ನೊಬ್ಬರಿಗೆ ಹೇಳಿದ್ದಾರೆ ಎಂದೇ ಅದರ ಅರ್ಥ. ಅಂಚಿನಲ್ಲಿ ಪೆನ್ಸಿಲಿನಿಂದ ‘ಸುಳ್ಳು’ ಎಂದು ಒಬ್ಬ, ಅದರ ಕೆಳಗೆ ‘ನಿಮಗೇನು ಗೊತ್ತು’ ಎಂದು ಇನ್ನೊಬ್ಬ ಬರೆದಿರುವ ಪುಟಗಳೂ ಸಿಗುತ್ತವೆ. ಗ್ರಂಥಪಾಲಕರ ಕಣ್ಣಿಗೆ ಇದು ಅಪರಾಧ. ಒಂಟಿ ಓದುಗನಿಗೆ ಮಾತ್ರ ಅದೊಂದು ಸಾಂಗತ್ಯ.

1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ಆಂಧ್ರಕ್ಕೆ ಹೋದವು. ಕಚೇರಿಗಳು ಹಂಚಿಹೋದಂತೆ ನೌಕರರೂ ಹಂಚಿಹೋದರು. ಹೈದರಾಬಾದಿನಲ್ಲೇ ಉಳಿದ ಕನ್ನಡಿಗರು ರಾಜಧಾನಿಯ ಪ್ರಜೆಗಳಾಗಿದ್ದವರು ಒಂದೇ ರಾತ್ರಿಯಲ್ಲಿ ಪರಭಾಷಾ ರಾಜ್ಯದ ಅಲ್ಪಸಂಖ್ಯಾತರಾದರು. ಅವರಿಗೆ ಉಳಿದ ನೆಲೆ ಕಾಚಿಗುಡ. ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗನ ಹೆಸರಿನ ಕನ್ನಡ ಶಾಲೆಯೂ ಅಲ್ಲಿವೆ. ಬೆಂಗಳೂರಿನ ರೈಲು ಹೊರಡುವ, 1916ರಲ್ಲಿ ಕಟ್ಟಿದ ನಿಲ್ದಾಣವೂ ಅಲ್ಲೇ. ತೆಲುಗಿನ ನವೋದಯ ಪುಸ್ತಕದಂಗಡಿಯೂ ಅದೇ ವಠಾರದಲ್ಲಿ. ಪುಸ್ತಕದ ಮಟ್ಟಿಗೆ ಈ ನಾಲ್ಕರಲ್ಲಿ ಹೆಚ್ಚು ಮುಖ್ಯವಾದದ್ದು ರೈಲು ಎಂದರೆ ತಪ್ಪಾಗದು.

ಊರಿಗೆ ಹೋಗಿಬರುವವರ ಚೀಲವೇ ಆಗ ಕನ್ನಡದ ಪುಸ್ತಕದಂಗಡಿ. ಹಬ್ಬಕ್ಕೆ ಹೊರಟವರ ಕೈಗೆ ಪಟ್ಟಿ ಕೊಡುತ್ತಿದ್ದರು: ಭೈರಪ್ಪನವರ ಹೊಸದು ಬಂದಿದ್ದರೆ ಅದು, ತ್ರಿವೇಣಿಯವರದು ಯಾವುದಾದರೂ, ಮಕ್ಕಳಿಗೆ ಚಂದಮಾಮ. ವಾರಪತ್ರಿಕೆಗಳ ಸುತ್ತಾಟ ಇನ್ನೂ ಕಟ್ಟುನಿಟ್ಟು. ಒಂದು ‘ಸುಧಾ’ವನ್ನು ಮೂರು ಮನೆಯವರು ಸೇರಿ ಕೊಂಡರೆ, ಧಾರಾವಾಹಿಯನ್ನು ಯಾರು ಮೊದಲು ಓದಬೇಕೆಂಬ ಸರದಿ ಇರುತ್ತಿತ್ತು. ಮೊದಲು ಓದಿದವರು ಮುಂದಿನ ಕಥೆ ಬಾಯಿಬಿಡಬಾರದು, ಇದು ನಿಯಮ. ಬಾಯಿಬಿಡದೆ ಇರುತ್ತಿರಲಿಲ್ಲ, ಇದು ವಾಸ್ತವ. ಧಾರಾವಾಹಿಯ ಪುಟಗಳನ್ನು ಹರಿದು, ದಬ್ಬಣದಿಂದ ತೂತು ಹೊಡೆದು, ದಾರ ಪೋಣಿಸಿ ಕಟ್ಟಿದ ಕಾದಂಬರಿಗಳು ಹಳೆಯ ಮನೆಗಳ ಅಟ್ಟದಲ್ಲಿ ಈಗಲೂ ಇವೆ. 1956ರಲ್ಲಿ ಆರಂಭವಾದ ‘ಕಸ್ತೂರಿ’ಯ ಪುಸ್ತಕ ವಿಭಾಗ ಇನ್ನೊಂದು ದಾರಿ. ದೊಡ್ಡ ಪುಸ್ತಕವೊಂದರ ಸಂಗ್ರಹ ಅದರಲ್ಲಿ ಬರುತ್ತಿತ್ತು. ಮೂಲವನ್ನು ಕಣ್ಣಿಂದ ಕಾಣದವರೂ ಅದರ ಬಗ್ಗೆ ವಾದ ಮಾಡಲು ಅಷ್ಟು ಸಾಕಾಗುತ್ತಿತ್ತು.

ಬಾಡಿಗೆ ಪುಸ್ತಕದ ಅಂಗಡಿಗಳು ಮೂರು ಭಾಷೆಯ ಓದುಗರನ್ನು ಒಂದೇ ಹಲಗೆಯ ಮುಂದೆ ನಿಲ್ಲಿಸಿದವು. ಉರ್ದುವಿನವರಿಗೆ ಇಬ್ನೆ ಸಫಿಯ ಪತ್ತೇದಾರಿ, ತೆಲುಗಿನ ಹೆಂಗಸರಿಗೆ ಯದ್ದನಪೂಡಿ ಸುಲೋಚನಾರಾಣಿ, ಹುಡುಗರಿಗೆ ಯಂಡಮೂರಿ ವೀರೇಂದ್ರನಾಥ್. ಇಂಥ ಅಂಗಡಿಯಲ್ಲಿ ಕನ್ನಡ ಪುಸ್ತಕ ಸಿಗುವುದು ಅಪರೂಪ. ಲಿಪಿಗಳು ಅಕ್ಕತಂಗಿಯರಾದ್ದರಿಂದ ಕನ್ನಡದ ಹುಡುಗಿ ಎರಡು ವಾರದಲ್ಲಿ ತಲಕಟ್ಟಿನ ವ್ಯತ್ಯಾಸ ಹಿಡಿದುಕೊಂಡು ತೆಲುಗು ಕಾದಂಬರಿಗೆ ಇಳಿಯುತ್ತಿದ್ದಳು. ಮುಂದೆ ಯಂಡಮೂರಿಯವರ ‘ತುಳಸಿದಳ’ ಕನ್ನಡಕ್ಕೆ ಬಂದು ಕರ್ನಾಟಕದಲ್ಲಿ ಗದ್ದಲ ಎಬ್ಬಿಸಿದಾಗ, ಹೈದರಾಬಾದಿನ ನೆಂಟರು ‘ನಾವು ಯಾವಾಗಲೋ ಓದೀವಿ’ ಎಂದು ಬೀಗಿದ್ದು ಅಕಾರಣವಲ್ಲ.

ಈ ಎಲ್ಲದರ ಸಂತೆ ಆಬಿಡ್ಸ್. ವಾರದ ಆರು ದಿನ ಬಟ್ಟೆ, ಚಪ್ಪಲಿ, ಗಡಿಯಾರದ ವ್ಯಾಪಾರ. ಭಾನುವಾರ ಆ ಅಂಗಡಿಗಳ ಶಟರು ಇಳಿದೊಡನೆ ಅವುಗಳ ಮುಂದಿನ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಹಳೇ ಪುಸ್ತಕ ಹರಡುತ್ತಾರೆ. ವೃತ್ತದಿಂದ ದೊಡ್ಡ ಅಂಚೆ ಕಚೇರಿಯ ಕಡೆಗೆ, ಅಲ್ಲಿಂದ ಕೋಠಿಯ ದಾರಿಗೆ ಸಾಲು ಹಬ್ಬುತ್ತದೆ. ಒಂದು ಗುಡ್ಡೆಯಲ್ಲಿ ಎಂಜಿನಿಯರಿಂಗ್ ಪಠ್ಯ, ಇನ್ನೊಂದರಲ್ಲಿ ಇಂಗ್ಲಿಷ್ ಕಾದಂಬರಿ, ಮೂಲೆಯಲ್ಲಿ ಉರ್ದು ಮಾಸಿಕಗಳ ಕಟ್ಟು. ‘ಬೀಸ್ ರೂಪಾಯ್, ಬೀಸ್ ರೂಪಾಯ್’ ಎಂಬ ಕೂಗಿನಲ್ಲಿ ಲೇಖಕರೆಲ್ಲ ಸಮಾನರು. ಮಾರುವವನ ಕಣ್ಣಿಗೆ ಕನ್ನಡವೂ ತೆಲುಗೂ ಒಂದೇ ಆದ್ದರಿಂದ ಕನ್ನಡ ಪುಸ್ತಕ ಎಲ್ಲಿಯಾದರೂ ಇದ್ದರೆ ಅದು ತೆಲುಗಿನ ರಾಶಿಯ ಅಡಿಯಲ್ಲೇ. ಅದನ್ನು ಹೆಕ್ಕಲು ಮಂಡಿಯೂರಬೇಕು. ಪಕ್ಕದಲ್ಲಿ ಮಂಡಿಯೂರಿದವನ ಕೈಯಲ್ಲಿ ಏನಿದೆ ಎಂದು ಓರೆಗಣ್ಣಿನಲ್ಲಿ ನೋಡುವುದೂ ಅಷ್ಟೇ ಸಹಜ. ‘ಅದು ನೀವು ತಗೊಳ್ತೀರಾ, ಬಿಡ್ತೀರಾ?’ ಎಂಬ ಮಾತಿನಿಂದ ಎಷ್ಟೋ ಪರಿಚಯಗಳು ಬೆಳೆದಿವೆ.

ಹಳೇ ಪುಸ್ತಕಕ್ಕೆ ಹೊಸದರಲ್ಲಿ ಸಿಗದ ಮೈಯಿದೆ. ಮೊದಲ ಪುಟದಲ್ಲಿ ಮದುವೆಯ ಉಡುಗೊರೆಯ ಬರಹ, ನಡುವೆ ಬಸ್ಸಿನ ಟಿಕೆಟ್, ಮುಚ್ಚಿಹೋದ ಯಾವುದೋ ಸಂಘದ ನೇರಳೆ ಮುದ್ರೆ. ಮಧ್ಯಾಹ್ನದ ಹೊತ್ತಿಗೆ ಕೊಳ್ಳುವವರೆಲ್ಲ ಹತ್ತಿರದ ಇರಾನಿ ಹೋಟೆಲಿನಲ್ಲಿ ಸೇರುವುದು ಪದ್ಧತಿ. ಚಹಾ, ಉಸ್ಮಾನಿಯಾ ಬಿಸ್ಕತ್ತು ಬರುವ ಮೊದಲೇ ಕಲ್ಲಿನ ಮೇಜಿನ ಮೇಲೆ ಚೀಲಗಳು ಬರಿದಾಗುತ್ತವೆ. ಯಾರಿಗೆ ಏನು ಸಿಕ್ಕಿತು, ಎಷ್ಟಕ್ಕೆ ಸಿಕ್ಕಿತು ಎಂಬ ಪ್ರದರ್ಶನ ಅದು. ಬೆಲೆ ಹೇಳುವಾಗ ಸ್ವಲ್ಪ ಇಳಿಸಿ ಹೇಳುವುದು ರೂಢಿ. ಎದ್ದು ಹೊರಡುವಾಗ ಒಂದೆರಡು ಪುಸ್ತಕ ಚೀಲ ಬದಲಾಯಿಸಿರುತ್ತವೆ.

ಇದೆಲ್ಲ ಸಡಿಲಾದದ್ದು ಒಮ್ಮೆಗೇ ಅಲ್ಲ. ಟಿ.ವಿ. ಬಂದಾಗ ಬಾಡಿಗೆ ಅಂಗಡಿಗಳು ಮೊದಲು ಹೋದವು. ಇಂಗ್ಲಿಷ್ ಓದುಗರು ಅಡ್ಡಾಡುತ್ತಿದ್ದ ಬೇಗಂಪೇಟೆಯ ವಾಲ್ಡನ್ ಪುಸ್ತಕದಂಗಡಿ ಕೂಡ ಒಂದು ದಿನ ಮುಚ್ಚಿತು. 1998ರಲ್ಲಿ ಐಟಿ ಕಂಪನಿಗಳ ಸೈಬರ್ ಟವರ್ಸ್ ಎದ್ದ ಮೇಲೆ ಊರು ಪಶ್ಚಿಮಕ್ಕೆ ವಾಲಿತು. ಮಾದಾಪುರ, ಕೊಂಡಾಪುರ, ಗಚ್ಚಿಬೌಲಿಗಳಿಗೆ ಬಂದ ಹೊಸ ಕನ್ನಡಿಗರು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳವರು. ಅವರಿಗೆ ಉರ್ದು ಬಾರದು, ಕಾಚಿಗುಡ 20 ಕಿ.ಮೀ. ಆಸುಪಾಸಿನ ದೂರ. ಹಳಬರಿಗೂ ಹೊಸಬರಿಗೂ ನಡುವೆ ಇರುವುದು ಬರೀ ರಸ್ತೆಯ ಅಂತರವಲ್ಲ. ಒಬ್ಬರದು ಪುಸ್ತಕ ಸಿಗದ ಕಾಲದ ಓದು, ಇನ್ನೊಬ್ಬರದು ಬೆರಳು ಒತ್ತಿದರೆ ಮನೆಬಾಗಿಲಿಗೆ ಬರುವ ಕಾಲದ್ದು.

ಸೇರುವ ಜಾಗಗಳೂ ಬದಲಾದವು. 2010ರಲ್ಲಿ ಬಂಜಾರಾ ಹಿಲ್ಸ್‌ನಲ್ಲಿ ತೆರೆದ ‘ಲಾಮಕಾನ್’ ಅಂಗಳದಲ್ಲಿ ಪುಸ್ತಕದ ಮಾತು ಸಮೋಸಾ ಜೊತೆ ನಡೆಯುತ್ತದೆ. ಅದೇ ವರ್ಷ ಶುರುವಾದ ಹೈದರಾಬಾದ್ ಸಾಹಿತ್ಯ ಉತ್ಸವ 2018ರಲ್ಲಿ ಕನ್ನಡವನ್ನು ಆ ವರ್ಷದ ಭಾರತೀಯ ಭಾಷೆಯಾಗಿ ಆರಿಸಿಕೊಂಡಿತು. ಡಿಸೆಂಬರ್ ಹೊತ್ತಿನ ಪುಸ್ತಕ ಮೇಳ ಜನಜಾತ್ರೆಯೇ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಹುಟ್ಟಿದ ಮೌನ ಓದಿನ ಕೂಟ 2023ರಿಂದ ಊರೂರಿಗೆ ಹರಡಿ ಹೈದರಾಬಾದಿಗೂ ಬಂತು. ಮರದಡಿ ಚಾಪೆ ಹಾಸಿ, ಪಕ್ಕದವರನ್ನು ಮಾತಾಡಿಸದೆ ತಾಸುಗಟ್ಟಲೆ ಓದಿ, ಕೊನೆಗೆ ಎಲ್ಲರ ಪುಸ್ತಕ ಸೇರಿಸಿ ಒಂದು ಫೋಟೋ. ವಾಚನಾಲಯದಲ್ಲಿ ಗಟ್ಟಿಯಾಗಿ ಓದಿ ಮಾತಾಡಿದವರ ಮೊಮ್ಮಕ್ಕಳು ಮಾತಾಡದಿರಲೆಂದೇ ಸೇರುತ್ತಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ದಿನವೆಲ್ಲ ಮೀಟಿಂಗಿನಲ್ಲಿ ಮಾತಾಡುವವರಿಗೆ ಮೌನವೇ ದುಬಾರಿ.

ಉಳಿದ ಮಾತೆಲ್ಲ ವಾಟ್ಸಾಪ್ ಗುಂಪಿನಲ್ಲಿ. ‘ಈಗ ಓದುತ್ತಿರುವುದು’ ಎಂದು ರಕ್ಷಾಪುಟದ ಚಿತ್ರ ಬೀಳುತ್ತದೆ. ಅದಕ್ಕೆ ಹೆಬ್ಬೆರಳುಗಳು, ಹೂವುಗಳು. ಹೊಸ ಪುಸ್ತಕದ ಸುದ್ದಿ ಹಿಂದೆಂದಿಗಿಂತ ಬೇಗ ಬರುತ್ತದೆ, ಇ-ಪುಸ್ತಕವೋ ಕೇಳುಪುಸ್ತಕವೋ ಅಂದೇ ಸಿಗುತ್ತದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಆಫೀಸಿನ ಕನ್ನಡೇತರರೇ ಕನ್ನಡದವರನ್ನು ವಿಚಾರಿಸಿದರು. ವಸುಧೇಂದ್ರರ ‘ತೇಜೋ ತುಂಗಭದ್ರಾ’ವನ್ನು ತೆಲುಗಿನಲ್ಲಿ ಓದಿದ ನೆರೆಯವರು ಮೂಲದ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಹಿಂದೆ ಕನ್ನಡಿಗರು ತೆಲುಗಿನಿಂದ ಎರವಲು ತಂದ ದಾರಿಯಲ್ಲಿ ಈಗ ಎದುರು ಸಂಚಾರವೂ ಇದೆ. ಇಷ್ಟಾದರೂ ‘ಮುಗಿದ ಮೇಲೆ ನನಗ ಕೊಡ್ತೀರೇನು?’ ಎಂದು ಕೇಳುವವರು ಕಡಿಮೆ. ಪರದೆಯ ಮೇಲಿನ ಪುಸ್ತಕವನ್ನು ಕೊಡಲು ಬರುವುದಿಲ್ಲ, ಕಾಗದದ್ದನ್ನು ಕೇಳಲು ಸಂಕೋಚ. ಹೆಸರು ಹೇಳಿದವರ ಮೇಲೆ ಈಗ ಯಾವ ಹಕ್ಕೂ ಇಲ್ಲ.

ಆಬಿಡ್ಸ್‌ನಲ್ಲಿ ಮಾತ್ರ ಲೆಕ್ಕ ಬೇರೆ. ಕೋವಿಡ್ ಕಾಲದಲ್ಲಿ ನಿಂತುಹೋದ ಭಾನುವಾರದ ಸಾಲು ಮತ್ತೆ ಹರಡಿಕೊಂಡಿತು. ತೆಲುಗಿನ ರಾಶಿಯ ಅಡಿಯಿಂದ ರಟ್ಟು ಹರಿದ ಕನ್ನಡ ಕಾದಂಬರಿಯೊಂದು ಏಳುತ್ತದೆ. ಸಿಕ್ಕವರು ಧೂಳು ಒರೆಸಿ, ಫೋಟೋ ತೆಗೆದು ಗುಂಪಿಗೆ ಹಾಕುತ್ತಾರೆ. ಕೊಂಡಾಪುರದಿಂದ ಒಡನೆ ಉತ್ತರ: ‘ನನಗೂ ಒಂದು ತಗೊಳ್ಳಿ ಸರ್.’ ಫುಟ್‌ಪಾತಿನಲ್ಲಿ ಯಾವುದಕ್ಕೂ ಎರಡನೆಯ ಪ್ರತಿ ಇರುವುದಿಲ್ಲ.

‘ಇದ್ದದ್ದು ಒಂದ. ಓದಿ ಕೊಡ್ತೀನಿ.’