ಬೀರುವಿನಲ್ಲಿ ಇಲ್ಲದ ಹಾಳೆ

ಗೆಳೆಯನ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಬಸವನಗುಡಿಯ ಮನೆಗೆ ಹಿಂದಿರುಗಿದ ನಿವೃತ್ತ ಹೆಡ್‌ಮಾಸ್ತರರು ಅಂದು ಸಂಜೆ ವಾಕಿಂಗಿಗೆ ಹೋಗಲಿಲ್ಲ. ಕೋಣೆಯ ಬೀರುವನ್ನು ತೆರೆದು, ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರು. ಮನೆಯ ಕ್ರಯಪತ್ರ, ಕಂದಾಯದ ರಸೀದಿಗಳು, ವಿಮೆಯ ಪಾಲಿಸಿ, ಪಾಸ್‌ಬುಕ್ಕುಗಳು, ಮಕ್ಕಳ ಜಾತಕ, ಎಂದೋ ಕೆಟ್ಟುಹೋದ ಮಿಕ್ಸಿಯ ಗ್ಯಾರಂಟಿ ಕಾರ್ಡು ಸಹ ಅಲ್ಲಿದ್ದವು. ಇಲ್ಲದಿದ್ದುದು ಒಂದೇ ಒಂದು ಹಾಳೆ.

ಆ ಹಾಳೆ ಗೆಳೆಯನ ಬೀರುವಿನಲ್ಲಿಯೂ ಇರಲಿಲ್ಲ. ಆತ ಅಜಾಗರೂಕನೇನೂ ಅಲ್ಲ; ಹಾಲಿನವನ ಲೆಕ್ಕವನ್ನೂ ಡೈರಿಯಲ್ಲಿ ಬರೆದಿಡುತ್ತಿದ್ದ ಮನುಷ್ಯ. ಉಯಿಲಿನ ಮಾತು ಬಂದಾಗ ಮಾತ್ರ, ‘ಯಮನಿಗೆ ನಾವೇ ವಿಳಾಸ ಕೊಡುವುದೇಕೆ?’ ಎಂದು ನಕ್ಕು ತೇಲಿಸಿಬಿಡುತ್ತಿದ್ದ. ಸ್ವಂತ ಸಂಪಾದನೆಯಿಂದ ಕಟ್ಟಿಸಿದ ಮನೆ ಹೆಂಡತಿಗಲ್ಲದೆ ಇನ್ನಾರಿಗೆ ಹೋದೀತು ಎಂಬುದು ಅವನ ದೃಢವಾದ ನಂಬಿಕೆ.

1956ರ ಹಿಂದೂ ಉತ್ತರಾಧಿಕಾರ ಕಾನೂನಿಗೆ ಆ ನಂಬಿಕೆಯ ಹಂಗಿಲ್ಲ. ಉಯಿಲಿಲ್ಲದೆ ಸತ್ತ ಗಂಡಸಿನ ಸ್ವಾರ್ಜಿತದಲ್ಲಿ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಸಮಪಾಲಿನವರು. ಗೆಳೆಯನಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತುಮಕೂರಿನಲ್ಲಿ ತಮ್ಮನ ಮನೆಯಲ್ಲಿ ವೃದ್ಧ ತಾಯಿ. ಹೀಗಾಗಿ ಮನೆ ಐದು ಪಾಲಾಯಿತು. ನಲವತ್ತು ವರ್ಷ ಅದರ ಹೊಸ್ತಿಲು ಸಾರಿಸಿದಾಕೆಗೆ ಉಳಿದದ್ದು ಐದರಲ್ಲೊಂದು. ಹೆತ್ತವಳ ಹಕ್ಕನ್ನು ಮರೆಯದ ಕಾನೂನು ದೊಡ್ಡ ಮನಸ್ಸಿನದೇ ಸರಿ. (ತಂದೆಗೆ ಮಾತ್ರ ಈ ಮೊದಲ ಪಂಕ್ತಿಯಲ್ಲಿ ಎಲೆಯೇ ಹಾಕಿಲ್ಲವೆಂಬುದು ಸೋಜಿಗ.) ತೊಡಕು ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಆ ಮುದುಕಿಯೂ ಉಯಿಲಿಲ್ಲದೆ ಕಣ್ಣು ಮುಚ್ಚಿದರೆ ಅವಳ ಪಾಲು ಅವಳ ಉಳಿದ ಮಕ್ಕಳಿಗೂ ಹರಿದುಹೋಗುತ್ತದೆ. ಆಗ ಬೆಂಗಳೂರಿನ ಮನೆಯನ್ನು ಮಾರಬೇಕಾದರೆ ವಿಧವೆ ಮೈದುನನ ಸಹಿಯನ್ನೂ ನಾದಿನಿಯರ ಸಹಿಯನ್ನೂ ಬೇಡಬೇಕು. ಹಬ್ಬಕ್ಕೆ ಕರೆದರೂ ಬಾರದವರು ಸಹಿಗೆ ಬಂದಾರೇ?

ಬ್ಯಾಂಕಿನ ಠೇವಣಿಯದು ಇನ್ನೊಂದು ಕಥೆ. ಅದಕ್ಕೆ ಹಿರಿಯ ಮಗ ನಾಮಿನಿ. ಹಣವೆಲ್ಲ ತನ್ನದೆಂದು ಅವನು, ತಮಗೂ ಪಾಲುಂಟೆಂದು ಉಳಿದವರು. ಊಟದ ಎಲೆ ತೆಗೆಯುವ ಮೊದಲೇ ಧ್ವನಿಗಳು ಏರಿದ್ದವು. ನಾಮಿನಿಯೆಂದರೆ ಒಡೆಯನಲ್ಲ, ಹಣವನ್ನು ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದ ಕೈ ಮಾತ್ರ. ವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟು 1984ರಲ್ಲಿಯೇ ಇದನ್ನು ಹೇಳಿತ್ತು. ಕಂಪನಿಯ ಷೇರುಗಳ ವಿಷಯದಲ್ಲಿ 2023ರಲ್ಲಿ ಹೇಳಿತು. ವಿಮೆಯ ನಿಯಮ ಮಾತ್ರ 2015ರಲ್ಲಿ ಬದಲಾಗಿ, ತಂದೆತಾಯಿ, ಗಂಡ, ಹೆಂಡತಿ, ಮಕ್ಕಳು ನಾಮಿನಿಗಳಾದರೆ ಹಣ ಅವರದೇ ಆಗುವಂತಾಯಿತು. ಇಷ್ಟೊಂದು ಭೇದವನ್ನು ದುಃಖದ ಮನೆಯಲ್ಲಿ ಯಾರು ಕುಳಿತು ವಿವರಿಸಬೇಕು?

ಮಾಸ್ತರರು ಮರುದಿನ ವಕೀಲನಾಗಿದ್ದ ಹಳೆಯ ಶಿಷ್ಯನನ್ನು ಕಂಡರು. ಕೆಲಸ ಅವರು ಅಂಜಿದಷ್ಟು ಕಷ್ಟದ್ದಲ್ಲ. ಛಾಪಾ ಕಾಗದ ಬೇಡ; ಬಿಳಿಯ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಲೇಸು. ಬರೆದವನ ಸಹಿಯನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಅವನೆದುರಿಗೇ ತಾವೂ ಸಹಿ ಹಾಕಬೇಕು. ಒಳಗೇನಿದೆಯೆಂದು ಅವರು ಓದಬೇಕಾದುದಿಲ್ಲ ಎಂಬುದನ್ನು ಕೇಳಿ, ನೆರೆಮನೆಯವರ ಕುತೂಹಲವನ್ನು ಚೆನ್ನಾಗಿ ಬಲ್ಲ ಮಾಸ್ತರರಿಗೆ ನೆಮ್ಮದಿಯಾಯಿತು.

ಕಷ್ಟವಿದ್ದುದು ಬರೆಯುವುದರಲ್ಲಿ. ‘ಮನೆ ನನ್ನ ಹೆಂಡತಿಗೆ ಪೂರ್ಣ ಒಡೆತನದಿಂದ’ ಎಂಬ ಮೊದಲ ಸಾಲು ಸರಾಗವಾಗಿ ಬಂತು. ಠೇವಣಿಯ ಸಾಲಿಗೆ ಬಂದಾಗ ಲೇಖನಿ ನಿಂತಿತು. ಮಗ ಅಮೆರಿಕದಲ್ಲಿದ್ದಾನೆ, ತಿಂಗಳು ತಿಂಗಳೂ ಹಣ ಕಳಿಸುತ್ತಾನೆ. ಮಗಳು ಎರಡು ಬೀದಿಯಾಚೆ ಇದ್ದಾಳೆ. ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗ ಹದಿನೈದು ದಿನ ತೊಟ್ಟು ತೊಟ್ಟಾಗಿ ಔಷಧಿ ಬಿಟ್ಟವಳು ಅವಳು. ಸಮಪಾಲೆಂಬುದು ಇಲ್ಲಿ ನ್ಯಾಯವೇ, ಲೆಕ್ಕವೇ? ಮಾಸ್ತರರು ಮೂರು ಹಾಳೆ ಹರಿದರು. ಬದುಕಿರುವಾಗಲೇ ಮಗಳಿಗೆ ಎಲ್ಲವನ್ನೂ ದಾನಪತ್ರ ಮಾಡಿಬಿಡೋಣವೆಂದೂ ಒಮ್ಮೆ ತೋರಿತು. ಆದರೆ ಹಾಗೆ ಕೊಟ್ಟುಬಿಟ್ಟು ಸ್ವಂತ ಮನೆಯಲ್ಲಿ ಅತಿಥಿಯಾದ ಸಹೋದ್ಯೋಗಿಯೊಬ್ಬರ ನೆನಪಾಯಿತು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ದಾನವನ್ನು, ಅದು ಮುರಿದರೆ ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾನೂನಿನಲ್ಲಿ ದಾರಿಯಿದೆ ದಿಟ. ಮಗಳ ಮೇಲೆ ದೂರು ಹೊತ್ತು ಹೋಗುವ ಕಾಲು ಯಾವ ತಂದೆಗಿದೆ?

ಊರಿನ ಪಿತ್ರಾರ್ಜಿತ ಗದ್ದೆಯಲ್ಲಿ ಅವರು ಬರೆಯಬಹುದಾದುದು ತಮ್ಮ ಪಾಲನ್ನಷ್ಟೇ. 2005ರ ತಿದ್ದುಪಡಿಯಿಂದ ಅಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನ ಹಕ್ಕಿದೆ. ಕೊನೆಗೆ ಠೇವಣಿಯ ಮೂರರಲ್ಲಿ ಎರಡು ಪಾಲನ್ನು ಮಗಳಿಗೆ ಬರೆದು, ಕಾರಣವನ್ನು ಕೆಳಗೆ ನಾಲ್ಕು ಸಾಲಿನಲ್ಲಿ ತಿಳಿಸಿದರು. ಆ ರಾತ್ರಿಯೇ ಮಗನಿಗೆ ಫೋನು ಮಾಡಿ ಅದನ್ನು ಓದಿ ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಅಮ್ಮನ ಕಣ್ಣು ಈಗ ಹೇಗಿದೆ?’ ಎಂದನು.

ಭಾನುವಾರ ಸಾಕ್ಷಿಗಳು ಬಂದು ಸಹಿ ಹಾಕಿ, ಕಾಫಿ ಕುಡಿದು ಹೋದರು. ಅಷ್ಟು ದಿನವೂ ‘ಅಪಶಕುನ’ವೆಂದು ಮುಖ ತಿರುಗಿಸಿಕೊಂಡಿದ್ದ ಗೃಹಿಣಿ ಲೋಟಗಳನ್ನು ಒಳಗಿಟ್ಟು ಬಂದು, ಮೇಜಿನ ಬಳಿ ತುಸು ಹೊತ್ತು ನಿಂತರು. ಅವರ ತಾಯಿ ಕೊಟ್ಟ ನಾಲ್ಕು ಬಳೆಗಳಿದ್ದವು, ಹೆಸರಿನಲ್ಲಿ ಒಂದು ಸಣ್ಣ ನಿವೇಶನವಿತ್ತು.

‘ಇನ್ನೊಂದು ಬಿಳಿ ಹಾಳೆ ಇದೆಯೇ?’ ಎಂದರು.