ಪಾರ್ಟಿ ಪರಿಚಿತರು

ಕಿರಾಣಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲುಗಡೆ, ಲಕ್ಷ್ಮಿಯ ಪಟದ ಪಕ್ಕಕ್ಕೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ತೂಗುತ್ತಿತ್ತಲ್ಲ, ಸಾಲನೀತಿಯನ್ನು ಅದಕ್ಕಿಂತ ಚಿಕ್ಕದಾಗಿ ಬರೆದವರನ್ನು ನಾನು ಕಾಣೆ. ನಾಲ್ಕೇ ಮಾತು. ಆಡಳಿತ ಮಂಡಳಿಯ ಒಪ್ಪಿಗೆ ಬೇಕಿಲ್ಲ, ವರ್ಷಕ್ಕೊಮ್ಮೆ ಪರಿಷ್ಕರಣೆಯೂ ಬೇಕಿಲ್ಲ. ಅದರ ಇನ್ನೊಂದು ಗುಣವೆಂದರೆ ಅದನ್ನು ಬರೆಸಿದವರೇ ಪಾಲಿಸುತ್ತಿರಲಿಲ್ಲ. ಬೋರ್ಡಿನ ಬುಡದಲ್ಲೇ ಕೂತು ಶೆಟ್ಟರು ಉದ್ದನೆಯ ಖಾತೆ ಪುಸ್ತಕದಲ್ಲಿ ಅರ್ಧ ಊರಿನ ಉದ್ರಿ ಬರೆದುಕೊಳ್ಳುತ್ತಿದ್ದರು. ಕೊಡಬಾರದವರು ಬಂದರೆ ಬೋರ್ಡಿನ ಕಡೆ ಕಣ್ಣು ಹಾಯಿಸುತ್ತಿದ್ದರು. ಕೊಡಬೇಕಾದವರು ಬಂದರೆ ಅವರ ತಲೆಯೇ ಬೋರ್ಡಿಗೆ ಅಡ್ಡ ಬರುತ್ತಿತ್ತು.

ಅದೇ ಬೋರ್ಡನ್ನು ಇನ್ನೂರು ಚಿಲ್ಲರೆ ಪುಟಕ್ಕೆ ಹಿಗ್ಗಿಸುವ ಕೆಲಸ ನೌಕರಿಯ ಕೊನೆಯ ದಿನಗಳಲ್ಲಿ ನನ್ನ ಪಾಲಿಗೆ ಬಂತು. ಬ್ಯಾಂಕಿನ ಹೆಡ್ ಆಫೀಸಿನಲ್ಲಿ ಕ್ರೆಡಿಟ್ ಪಾಲಿಸಿ ಬರೆಯುವ ನಾಲ್ವರಲ್ಲಿ ನಾನೂ ಒಬ್ಬ. ‘ನೀವು ಲೋನ್ ಕೊಡ್ತೀರಂತೆ?’ ಎಂದು ನೆಂಟರು ಮದುವೆಮನೆಯಲ್ಲಿ ಹತ್ತಿರ ಬಂದು ಕೂರುತ್ತಿದ್ದರು. ‘ಇಲ್ಲ, ಹೇಗೆ ಕೊಡಬೇಕು ಅಂತ ಬರೀತೀನಿ’ ಎಂದರೆ ‘ಓಹೋ’ ಎಂದು ಮಾತನ್ನು ಮಳೆಯ ಕಡೆ ತಿರುಗಿಸಿ ಎದ್ದು ಹೋಗುತ್ತಿದ್ದರು. ಸರ್ವಜ್ಞ ಸಾಲ ಮಾಡಿದವನ ಪಾಡನ್ನು ಮೂರು ಸಾಲಿನಲ್ಲಿ ಹೇಳಿ ಮುಗಿಸಿದ. ಕೊಟ್ಟವನ ಪಾಡನ್ನು ಹಾಡಲು ಕವಿಗಳು ಸಿಗಲಿಲ್ಲವಾದ್ದರಿಂದ ಆ ಭಾರ ನಮ್ಮ ನಾಲ್ವರ ಮೇಲೆ ಬಿತ್ತು.

ಪಾಲಿಸಿಯಲ್ಲಿ ಏನಿರುತ್ತದೆ? ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಪಾರ್ಟಿ ತನ್ನ ಕೈಯಿಂದ ಎಷ್ಟು ಹಾಕಬೇಕು, ಯಾವ ದರ್ಜೆಯ ಅಧಿಕಾರಿ ಎಷ್ಟರವರೆಗೆ ಸಹಿ ಹಾಕಬಹುದು, ಒಂದೇ ಉದ್ಯಮದ ಮೇಲೆ ಎಲ್ಲ ದುಡ್ಡನ್ನೂ ಸುರಿಯದೆ ಎಲ್ಲಿ ಕೈ ಬಿಗಿ ಹಿಡಿಯಬೇಕು. ಮನೆ ಸಾಲವಾದರೆ ಮೂವತ್ತು ಲಕ್ಷದವರೆಗೆ ಮನೆಯ ಬೆಲೆಯ ನೂರಕ್ಕೆ 90 ಕೊಡಬಹುದು, 75 ಲಕ್ಷ ದಾಟಿದರೆ ನೂರಕ್ಕೆ 75 ಮಾತ್ರ. ಇಂಥವನ್ನು ನಾವು ತಲೆಯಿಂದ ಹುಟ್ಟಿಸುವುದಿಲ್ಲ, ರಿಸರ್ವ್ ಬ್ಯಾಂಕ್ ಹೇಳುತ್ತದೆ. ರಿಸರ್ವ್ ಬ್ಯಾಂಕಿಗೆ ಒಂದಷ್ಟನ್ನು ಬಾಸೆಲ್ ಹೇಳುತ್ತದೆ. ಸ್ವಿಟ್ಜರ್‌ಲೆಂಡಿನ ಈ ಊರಿಗೂ ನಮಗೂ ಹಳೆಯ ನಂಟು. 1834ರಲ್ಲಿ ಅಲ್ಲಿಂದ ಬಂದ ಮಿಷನ್ನಿನವರು ಮಂಗಳೂರಿಗೆ ಹಂಚಿನ ಕಾರ್ಖಾನೆ ಕೊಟ್ಟರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಕೊಟ್ಟರು, ಕಿಟ್ಟೆಲ್ ಅವರ ನಿಘಂಟು ಕೊಟ್ಟರು. 1988ರಲ್ಲಿ ಅದೇ ಊರಿನಿಂದ ಬ್ಯಾಂಕುಗಳಿಗೆ ಇನ್ನೊಂದು ಉಪದೇಶ ಬಂತು: ಅಪಾಯದ ತೂಕ ಹಾಕಿದ ಪ್ರತಿ ನೂರು ರೂಪಾಯಿ ಸಾಲಕ್ಕೂ ನಿಮ್ಮದೇ ಬಂಡವಾಳ 8 ರೂಪಾಯಿ ಇರಲಿ. ನಮ್ಮ ರಿಸರ್ವ್ ಬ್ಯಾಂಕ್ ಮುಂದೆ ಅದನ್ನು 9 ಮಾಡಿತು. ನಮ್ಮ ಸಾಲಗಾರರನ್ನು ಅದು ಹತ್ತಿರದಿಂದ ಕಂಡಿತ್ತು.

ನಾನೂ ಕಂಡಿದ್ದೆ. ಹೆಡ್ ಆಫೀಸಿನ ಏಸಿಗೆ ಬರುವ ಬಹಳ ಮೊದಲು, ಎಂಬತ್ತರ ದಶಕದಲ್ಲಿ, ಚಳ್ಳಕೆರೆ ಕಡೆಯ ಶಾಖೆಯೊಂದರಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಮಳೆ ಕಡಿಮೆ, ಶೇಂಗಾ ಜಾಸ್ತಿ, ಕುರಿ ಅದಕ್ಕಿಂತ ಜಾಸ್ತಿ. ಸರಕಾರದ ಐಆರ್‌ಡಿಪಿ ಯೋಜನೆ 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಬಂದಿತ್ತು. ಬಡವರಿಗೆ ಎಮ್ಮೆ ಸಾಲ, ಕುರಿ ಸಾಲ, ಅದರಲ್ಲಿ ಸಣ್ಣ ರೈತನಿಗೆ ಕಾಲು ಭಾಗ, ಅತಿ ಸಣ್ಣ ರೈತನಿಗೂ ಕೂಲಿಯವನಿಗೂ ಮೂರರಲ್ಲೊಂದು ಭಾಗ ಸಬ್ಸಿಡಿ. ಎಮ್ಮೆ ಯೂನಿಟ್ ಎಂದರೆ ಎರಡು ಎಮ್ಮೆ. ಒಂದೇ ಸಲಕ್ಕೆ ಎರಡನ್ನೂ ಕೊಡಬಾರದು. ಮೊದಲನೆಯದು ಬತ್ತುವ ಹೊತ್ತಿಗೆ ಎರಡನೆಯದನ್ನು ಕೊಡಿಸಬೇಕು, ಆಗ ಮನೆಯಲ್ಲಿ ವರ್ಷವಿಡೀ ಹಾಲು, ಬ್ಯಾಂಕಿಗೆ ವರ್ಷವಿಡೀ ಕಂತು. ದಿಲ್ಲಿಯಲ್ಲಿ ಇದನ್ನು ಯೋಚಿಸಿದವರು ಎಮ್ಮೆಯ ಶಾಸ್ತ್ರ ಬಲ್ಲವರೇ ಇರಬೇಕು. ಎಮ್ಮೆಯ ಯಜಮಾನನ ಶಾಸ್ತ್ರ ಬೇರೆ. ಅವನು ಆರು ತಿಂಗಳ ಮೇಲೆ ಅದೇ ಎಮ್ಮೆಯ ಕೊಂಬಿಗೆ ಎಣ್ಣೆ ಸವರಿ, ಮೈ ತೊಳೆದು, ಎರಡನೆಯ ಎಮ್ಮೆಯೆಂದು ಸಂತೆಯಲ್ಲಿ ನಿಲ್ಲಿಸುತ್ತಿದ್ದ. ನಾನು ಅದನ್ನು ದಿಟ್ಟಿಸಿದರೆ ಅದೂ ನನ್ನನ್ನು ದಿಟ್ಟಿಸುತ್ತಿತ್ತು. ನಮ್ಮಿಬ್ಬರಿಗೂ ಎಲ್ಲೋ ನೋಡಿದ ನೆನಪು.

ಇದಕ್ಕೆ ಮದ್ದಾಗಿ ಕಿವಿಗೆ ಓಲೆ. ವಿಮೆ ಮಾಡಿಸಿದ ಎಮ್ಮೆಗೆ ನಂಬರಿನ ಓಲೆ ಚುಚ್ಚುತ್ತಿದ್ದರು. ಎಮ್ಮೆ ಸತ್ತರೆ ಓಲೆ ತಂದು ಒಪ್ಪಿಸಬೇಕು, ಓಲೆ ಇಲ್ಲದಿದ್ದರೆ ಕ್ಲೇಮಿಲ್ಲ. ಬರೀ ಓಲೆ ತಂದರೆ ನಂಬುವುದು ಹೇಗೆ? ಕಿವಿಯ ಸಮೇತ ಬೇಕು. ಹೀಗಾಗಿ ಸೋಮವಾರದ ಬೆಳಗ್ಗೆ, ಕೌಂಟರಿನಲ್ಲಿ ನಾನು ಲೆಡ್ಜರು ಬಿಡಿಸುವಾಗ ಎದುರಿಗೆ ಒಂದು ಪ್ಲಾಸ್ಟಿಕ್ ಚೀಲ ಬಂದು ಕೂರುತ್ತಿತ್ತು. ‘ಏನಪ್ಪಾ ಇದು?’ ‘ಕಿವಿ, ಸ್ವಾಮಿ.’ ಬ್ಯಾಂಕಿಂಗ್ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ ನನಗೆ ಆಸ್ತಿ ಜವಾಬ್ದಾರಿ ಪಟ್ಟಿಯಲ್ಲಿ ಈ ಕಿವಿಯನ್ನು ಯಾವ ಕಡೆ ಬರೆಯಬೇಕೆಂದು ತಿಳಿಯುತ್ತಿರಲಿಲ್ಲ. ಬೇಸಿಗೆಯಲ್ಲಂತೂ ನಿರ್ಧಾರ ಬೇಗ ಆಗಬೇಕಿತ್ತು.

ಕುರಿಯ ವಿಷಯ ಹೇಳದಿರುವುದೇ ಲೇಸು. ಹತ್ತು ಮನೆಗೆ ಕೊಟ್ಟ ಕುರಿಸಾಲದ ಇನ್‌ಸ್ಪೆಕ್ಷನ್‌ಗೆ ಹೋದರೆ ನಾನು ಹಾದಿ ಹಿಡಿದು ಬರುವಷ್ಟರಲ್ಲಿ ಒಂದೇ ಮಂದೆ ಅಡ್ಡದಾರಿಯಲ್ಲಿ ಹತ್ತೂ ಹಟ್ಟಿಗಳಿಗೆ ನನಗಿಂತ ಮೊದಲು ತಲುಪಿರುತ್ತಿತ್ತು.

ಆಗಿನ ನಮ್ಮ ಮ್ಯಾನೇಜರು ಹಳೇ ಕಾಲದವರು. ಅವರಿಗೆ ಪಾಲಿಸಿ ಎಂದರೆ ಎಲ್‌ಐಸಿ. ಸಾಲದ ಅರ್ಜಿ ಬಂದರೆ ಕಾಗದ ಓದುವ ಮೊದಲು ಪಿಗ್ಮಿ ಕಲೆಕ್ಟರನ್ನು ಒಳಗೆ ಕರೆಯುತ್ತಿದ್ದರು. ಈ ಪಿಗ್ಮಿ ನಮ್ಮವರೇ ಕಂಡುಕೊಂಡದ್ದು: 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು, ಆಗಿನ್ನೂ ಅದಕ್ಕೆ ಬೇರೆ ಉದ್ದ ಹೆಸರಿತ್ತು, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುವ ಉಪಾಯ ಹೂಡಿದರು. ಎಲ್ಲರೂ ಅದನ್ನು ಉಳಿತಾಯದ ಕಥೆಯಾಗಿ ಹೇಳುತ್ತಾರೆ. ನನಗೆ ಕೇಳಿದರೆ ಅದು ಗೂಢಚರ್ಯೆಯ ಕಥೆ. ದಿನಾ ಸಂಜೆ ಪ್ರತಿ ಅಂಗಡಿಯ ಬಾಗಿಲಲ್ಲಿ ನಿಲ್ಲುವ ಮನುಷ್ಯನಿಗೆ ಯಾರ ಗಲ್ಲಾದಲ್ಲಿ ಇವತ್ತು ಎಷ್ಟು ಬಿತ್ತು, ಯಾರು ‘ನಾಳೆ ಬಾರಪ್ಪ’ ಎನ್ನಲು ಶುರು ಮಾಡಿದ್ದಾರೆ, ಯಾರ ಮನೆಯಲ್ಲಿ ಮಗಳ ಮದುವೆ ಹತ್ತಿರ ಬಂದಿದೆ, ಎಲ್ಲ ಗೊತ್ತು. ಮ್ಯಾನೇಜರು ಹುಬ್ಬೇರಿಸುತ್ತಿದ್ದರು. ಕಲೆಕ್ಟರು ತಲೆಯನ್ನು ಒಂದು ಕಡೆ ವಾಲಿಸಿದರೆ ಸಾಲ ಉಂಟು, ಸುಮ್ಮನೆ ಟೋಪಿ ತೆಗೆದು ತಲೆ ಕೆರೆದರೆ ಇಲ್ಲ. ಫೈಲಿನಲ್ಲಿ ಷರಾ ಬೀಳುತ್ತಿತ್ತು: ‘ಪಾರ್ಟಿ ಪರಿಚಿತರು, ಶಿಫಾರಸು ಮಾಡಲಾಗಿದೆ.’

ಇದನ್ನೆಲ್ಲ ನೆನೆದು ನಿವೃತ್ತರು ನಾವು ಪಾರ್ಕಿನ ಬೆಂಚಿನಲ್ಲಿ ಕಣ್ಣು ತೇವ ಮಾಡಿಕೊಳ್ಳುವುದುಂಟು. ಆಗ ಮನುಷ್ಯ ಮನುಷ್ಯನನ್ನು ನೋಡಿ ಸಾಲ ಕೊಡುತ್ತಿದ್ದ, ಈಗ ಕಂಪ್ಯೂಟರು ನೋಡಿ ಕೊಡುತ್ತದೆ, ಇತ್ಯಾದಿ. ಮಾತು ಅಷ್ಟು ದೂರ ಬಂದಾಗ ನನಗೆ ಆ ಊರಿನ ಎಣ್ಣೆ ಮಿಲ್ಲೊಂದರ ಗೋದಾಮು ನೆನಪಾಗಿ ಕಣ್ಣು ಒಣಗುತ್ತದೆ. ಮಿಲ್ಲಿನವರು ನಮ್ಮ ಬ್ಯಾಂಕಿಗೆ ತೀರಾ ಪರಿಚಿತರು. ಅವರ ಮನೆಯ ಮದುವೆಗಳಲ್ಲಿ ಸ್ಟಾಫೆಲ್ಲ ಸಾಲಾಗಿ ಕೂತು ಹೋಳಿಗೆ ಉಂಡವರು. ತಿಂಗಳು ತಿಂಗಳು ಇಷ್ಟು ಮೂಟೆ ಶೇಂಗಾ ದಾಸ್ತಾನು ಎಂದು ಪಟ್ಟಿ ಬರುತ್ತಿತ್ತು, ಅದರ ಮೇಲೆ ನಾವು ದುಡ್ಡು ಬಿಡುತ್ತಿದ್ದೆವು. ಒಮ್ಮೆ ಆಡಿಟ್‌ನವರು ಬಂದು ಮುಂದಿನ ಸಾಲಿನ ಮೂಟೆಗಳನ್ನು ಸರಿಸಿ ಹಿಂದಿನದಕ್ಕೆ ಕೈ ಹಾಕಿದರು. ಒಳಗೆಲ್ಲ ಸಿಪ್ಪೆ. ಗಾಳಿಗೆ ಅದು ಎದ್ದು ಗೋದಾಮು ತುಂಬ ಹಾರಾಡಿತು. ನಮ್ಮ ಮ್ಯಾನೇಜರು ಸೀನುತ್ತಲೇ ಹೊರಗೆ ಬಂದರು, ಆ ವಾರವೆಲ್ಲ ಸೀನುತ್ತಲೇ ಇದ್ದರು.

ಅದೇ ವರ್ಷ ಕಾಲೋನಿಯಿಂದ ಒಬ್ಬ ಹೆಂಗಸು ಬಂದಿದ್ದಳು. ಈಚಲು ಪೊರಕೆ ಕಟ್ಟಿ ಸಂತೆಯಲ್ಲಿ ಮಾರುವವಳು. ಅತಿ ಬಡವರಿಗೆ ನೂರಕ್ಕೆ 4ರ ಬಡ್ಡಿಯಲ್ಲಿ ಕೊಡುವ ಡಿಆರ್‌ಐ ಸಾಲ 1972ರಿಂದಲೂ ಇತ್ತು, ಅದನ್ನು ಕೇಳಲು ಬಂದಿದ್ದಳು. ಪಿಗ್ಮಿ ಕಲೆಕ್ಟರು ಅವಳ ಕೇರಿಗೆ ಹೋಗುತ್ತಿರಲಿಲ್ಲ. ಅವಳ ಅಂಗಡಿಗೆ ಬಾಗಿಲಿರಲಿಲ್ಲ, ಗಲ್ಲಾವೂ ಇರಲಿಲ್ಲ. ಊರ ಗೌಡರನ್ನು ಕೇಳಿದರೆ ‘ನನಗೆ ಪರಿಚಯ ಇಲ್ಲಪ್ಪ’ ಎಂದರು. ಅವಳು ಅವರ ಹಿತ್ತಲು ದಾಟಿಯೇ ದಿನಾ ಈಚಲು ತರಲು ಹೋಗುತ್ತಿದ್ದಳು. ಮ್ಯಾನೇಜರು ಕೆಟ್ಟವರಲ್ಲ, ‘ಗುರುತಿನವರು ಯಾರಾದರೂ ಇದ್ದರೆ ಕರಕೊಂಡು ಬಾರಮ್ಮ’ ಎಂದರು. ಡಿಆರ್‌ಐಗೆ ಬ್ಯಾಂಕು ಒಟ್ಟು ಸಾಲದ ನೂರಕ್ಕೆ 1 ಕೊಡಲೇಬೇಕೆಂಬ ಗುರಿ ಇತ್ತು, ಮಾರ್ಚ್ ಹತ್ತಿರ ಬಂದಿತ್ತು. ಗುರಿಯ ದೆಸೆಯಿಂದ ಅವಳಿಗೆ ಸಾಲ ಸಿಕ್ಕಿತು, ಪರಿಚಯದಿಂದಲ್ಲ. ಪ್ರತಿ ಸಂತೆಯ ದಿನ ಕಂತಿನ ಜೊತೆ ಒಂದು ಪೊರಕೆಯನ್ನೂ ತರುತ್ತಿದ್ದಳು. ಬೇಡವೆಂದರೆ, ‘ಬ್ಯಾಂಕು ಭಾಳ ಗಲೀಜೈತೆ, ಸ್ವಾಮಿ’ ಎನ್ನುತ್ತಿದ್ದಳು. ಅದು ನಿಜವಿತ್ತು.

ಹೀಗಾಗಿ ಪಾಲಿಸಿ ಬರೆಯುವ ದಿನ ಬಂದಾಗ ನಾನು ಹಟ ಹಿಡಿದು ಒಂದು ವಾಕ್ಯ ಸೇರಿಸಿದೆ: ‘ಪಾರ್ಟಿಯು ಶಾಖೆಗೆ ಪರಿಚಿತ ಎಂಬುದನ್ನು ಮಂಜೂರಾತಿಗೆ ಕಾರಣವೆಂದು ಪರಿಗಣಿಸತಕ್ಕದ್ದಲ್ಲ.’ ಉಳಿದ ಮೂವರು ಗೊಣಗಿದರು. ಆದರೂ ಒಪ್ಪಿದರು, ಯಾಕೆಂದರೆ ಪಾಲಿಸಿಯ ಕೊನೆಗೆ ‘ಡೀವಿಯೇಷನ್’ ಎಂಬ ಅಧ್ಯಾಯ ಇದ್ದೇ ಇತ್ತು. ನಿಯಮ ಮೀರಬೇಕಾದರೆ ಯಾರ ಅನುಮತಿ, ಯಾವ ಕಾರಣಕ್ಕೆ ಎಂಬ ಬಗ್ಗೆ. ಶಾಖೆಗಳಿಗೆ ಹೋದಾಗ ನೋಡಿದ್ದೇನೆ: ಮಿಕ್ಕ ಪುಟಗಳೆಲ್ಲ ಗರಿಗರಿ, ಆ ಅಧ್ಯಾಯದ ಪುಟಗಳು ಮಾತ್ರ ಕಾಫಿ ಕಲೆ ಬಿದ್ದು ಮೂಲೆ ಮಡಚಿ ಹೋಗಿರುತ್ತಿದ್ದವು. ಮಳೆ ತಡವಾಗುವುದು, ಮಗ ಓಡಿಹೋಗುವುದು, ಪಹಣಿಯಲ್ಲಿ ಸತ್ತ ಅಜ್ಜನ ಹೆಸರೇ ಇರುವುದು, ಬದುಕೆಲ್ಲ ಆ ಬಾಗಿಲಿನಿಂದಲೇ ಒಳಗೆ ಬರುತ್ತಿತ್ತು. ರಿಸರ್ವ್ ಬ್ಯಾಂಕಿಗೂ ಇದು ಗೊತ್ತು. ಬೇರೆಯವರು 90 ದಿನ ಕಟ್ಟದಿದ್ದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಎನ್ನುವ ಅದೇ ರಿಸರ್ವ್ ಬ್ಯಾಂಕ್ ಬೆಳೆಸಾಲಕ್ಕೆ ದಿನ ಎಣಿಸುವುದಿಲ್ಲ, ಹಂಗಾಮು ಎಣಿಸುತ್ತದೆ; ಅಲ್ಪಾವಧಿ ಬೆಳೆಗೆ ಎರಡು, ದೀರ್ಘಾವಧಿಯದಕ್ಕೆ ಒಂದು. ಇಡೀ ಬ್ಯಾಂಕಿಂಗ್ ಶಾಸ್ತ್ರದಲ್ಲಿ ಆಕಾಶ ನೋಡಿ ಬರೆದ ನಿಯಮ ಇದೊಂದೇ ಎಂದು ನನ್ನ ಅನಿಸಿಕೆ.

ಈಗ ಎಲ್ಲರಿಗೂ ಅಂಕ. 2000ದಲ್ಲಿ ಸಾಲಗಾರರ ಚರಿತ್ರೆ ಬರೆದಿಡುವ ಸಿಬಿಲ್ ಹುಟ್ಟಿದ ಮೇಲೆ 300ರಿಂದ 900ರೊಳಗೆ ಮನುಷ್ಯ ಎಲ್ಲಾದರೂ ಬಂದು ನಿಲ್ಲಬೇಕು. ತಂಗಿಯ ಮಗ ಫೋನಿನಲ್ಲೇ ಅರ್ಜಿ ಹಾಕಿ, ಕಾಫಿ ಆರುವುದರೊಳಗೆ ಬೈಕಿನ ಸಾಲ ಪಡೆದ. ಯಾರೂ ಅವನ ಮನೆ ನೋಡಲಿಲ್ಲ, ಯಾರೂ ಟೋಪಿ ತೆಗೆದು ತಲೆ ಕೆರೆಯಲಿಲ್ಲ. ಪೊರಕೆಯವಳ ಮೊಮ್ಮಗಳಿಗೂ ಹಾಗೇ ಸಿಗುತ್ತಿರಬಹುದು, ಗೌಡರ ಗುರುತು ಬೇಕಿಲ್ಲ ಎಂದುಕೊಂಡು ಖುಷಿಪಟ್ಟೆ. ಆ ಖುಷಿಯಲ್ಲೇ ನಮ್ಮ ಮನೆಯ ತಾರಸಿಗೂ ಸೋಲಾರ್ ಹಾಕಿಸೋಣ, ಅದಕ್ಕೊಂದು ಲೋನ್ ತೆಗೆಯೋಣ ಎಂದು ಹತ್ತಿರದ ಶಾಖೆಗೆ ಹೋದೆ.

ಎದುರಿಗೆ ಕೂತ ಹುಡುಗ ವಿನಯದವನು. ಪರದೆ ನೋಡಿ, ‘ಸಾರ್, ನಿಮಗೆ ಹಿಸ್ಟರಿನೇ ಇಲ್ಲ’ ಎಂದ. ನೌಕರಿಯಲ್ಲಿದ್ದಾಗ ತೆಗೆದ ಸ್ಟಾಫ್ ಲೋನು ಎಂದೋ ತೀರಿತ್ತು, ಆಮೇಲೆ ನಾನು ಯಾರಿಗೂ ಸಾಲಗಾರನಲ್ಲ. ಸಾಲವಿಲ್ಲದವನಿಗೆ ಅಂಕವಿಲ್ಲ, ಪರದೆಯಲ್ಲಿ ಮೈನಸ್ ಒಂದು ಎಂದಿತ್ತು. ‘ಅದು ಬಿಡಿ ಸಾರ್, ನೋಡ್ಕೋಬಹುದು. ಲೋನ್ ಮುಗಿಯೋ ಹೊತ್ತಿಗೆ ಎಪ್ಪತ್ತು ದಾಟತ್ತೆ. ಪಾಲಿಸಿಲಿ ಬಿಡಲ್ಲ’ ಎಂದು ಪರದೆ ತಿರುಗಿಸಿ ಓದಿಸಿದ. ಓದುತ್ತಿದ್ದಂತೆ ಗುರುತು ಹತ್ತಿತು: ‘ತತ್ಸಂಬಂಧವಾಗಿ’ ಎಂಬ ಆ ಮಾತನ್ನು ನಾನಲ್ಲದೆ ಬೇರೆ ಯಾರೂ ಬರೆಯಲಾರರು. ಹೇಳಿದೆ. ಹುಡುಗ ಎದ್ದು ನಿಂತುಬಿಟ್ಟ. ‘ಸಾರ್, ಇದನ್ನ ನೀವೇ ಬರೆದಿದ್ದಾ? ಎಕ್ಸಾಮಿಗೆ ಉರು ಹೊಡೆದಿದೀನಿ!’ ಎಂದು ಕಾಫಿ ತರಿಸಿದ.

‘ಡೀವಿಯೇಷನ್ ಹಾಕಿ ಕಳಿಸ್ತೀನಿ ಸಾರ್. ಕಾರಣ ಏನ್ ಬರೀಲಿ?’

ಪರದೆಯಲ್ಲಿ ಆರಿಸಿಕೊಳ್ಳಲು ಒಂದಷ್ಟು ಕಾರಣಗಳಿದ್ದವು. ಯಾವುದೂ ನನಗೆ ಹೊಂದುವಂಥದ್ದಲ್ಲ. ಕೊನೆಗೆ ‘ಇತರೆ’ ಎಂದಿತ್ತು. ಹುಡುಗ ಬೆರಳು ಎತ್ತಿಕೊಂಡು ನನ್ನ ಮುಖ ನೋಡಿದ. ನಾಲಿಗೆಯ ತುದಿಗೆ ಬಂದದ್ದು ಎರಡೇ ಮಾತು. ಆ ಎರಡು ಮಾತನ್ನು ಬರೆಯಕೂಡದೆಂದು ನಾನೇ ಬರೆದಿದ್ದೆ. ‘ನಿನಗೆ ತೋಚಿದ್ದು ಬರಿಯಪ್ಪ’ ಎಂದೆ. ಅವನು ಏನೋ ಬರೆದು, ನನಗೆ ಕಾಣದ ಹಾಗೆ ಪರದೆ ತಿರುಗಿಸಿಕೊಂಡ.

ಅರ್ಜಿ ಜೋನಲ್ ಆಫೀಸಿನಲ್ಲಿದೆ. ಅಲ್ಲಿ ಕೂತು ನೋಡುವವನಿಗೆ ನಾನು ಯಾರೆಂದು ಗೊತ್ತಿಲ್ಲ. ಗೊತ್ತಿರಬಾರದೆಂದೇ ಅವನನ್ನು ಅಷ್ಟು ದೂರ ಕೂರಿಸಿದ್ದು. ಮನೆಯವಳು ಮಾತ್ರ ದಿನಾ ಗೀಸರಿನ ಸ್ವಿಚ್ಚು ಹಾಕುವಾಗ ಕೇಳುತ್ತಾಳೆ: ‘ನಿಮ್ಮ ಪಾಲಿಸಿ ಏನಂತೆ?’